ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಗುಂಪು ಪ್ರಯಾಣ: ಮಾರ್ಗ, ವಾಹನ, ಊಟ ಮತ್ತು ಗೆರ್‌ನೊಳಗಿನ ನಡವಳಿಕೆಗೊಂದು ಸಮಗ್ರ ಮಾರ್ಗದರ್ಶಿ

ಮಂಗೋಲಿಯಾಕ್ಕೆ ಹೊರಡುವ ಗುಂಪುಗಳು ಎಡವುವ ಜಾಗ ಬಹುಮಟ್ಟಿಗೆ ಒಂದೇ. ಹತ್ತು ದಿನಗಳ ರಜೆ ಸಿಕ್ಕಿತೆಂದರೆ ದಕ್ಷಿಣದ ಗೋಬಿ ಮರುಭೂಮಿ, ಉತ್ತರದ ಖೊವ್ಸ್‌ಗೊಲ್ ಸರೋವರ, ನಡುವಿನ ಒರ್ಖೋನ್ ಕಣಿವೆ ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸುವ ಯೋಜನೆ ಸಿದ್ಧವಾಗುತ್ತದೆ. ನಾಲ್ಕನೆಯ ದಿನಕ್ಕೆ ಬೆನ್ನುನೋವು, ಐದನೆಯ ದಿನಕ್ಕೆ ಚಾಲಕನೊಂದಿಗೆ ಮನಸ್ತಾಪ ಆರಂಭವಾಗಿ, ಅಲೆಮಾರಿ ಕುಟುಂಬಗಳೊಡನೆ ಅವರ ಗೆರ್ ಎಂಬ ದುಂಡನೆಯ ಡೇರೆಮನೆಯಲ್ಲಿ ಕಳೆಯಬೇಕಿದ್ದ ಸಮಯವೆಲ್ಲ ವಾಹನದ ಕಿಟಕಿಯಾಚೆಗೆ ಸರಿದುಹೋಗುತ್ತದೆ. ಕೆಳಗಿನ ಹಂತಗಳನ್ನು ಈ ತಪ್ಪನ್ನು ತಡೆಯುವ ಕ್ರಮದಲ್ಲಿ ಜೋಡಿಸಿದ್ದೇನೆ. ಆದ್ದರಿಂದ ಅವುಗಳ ಕ್ರಮವನ್ನು ಅದಲುಬದಲು ಮಾಡದಿರುವುದು ಒಳ್ಳೆಯದು. ಉದಾಹರಣೆಗಾಗಿ ಆಯ್ದುಕೊಂಡಿರುವುದು ಮಧ್ಯ ಮಂಗೋಲಿಯಾದ ಸುತ್ತು: ರಾಜಧಾನಿ ಉಲಾನ್‌ಬಾತರ್, ಖುಸ್ತಾಯ್, ಖಾರ್ಖೊರಿನ್, ಒರ್ಖೋನ್ ಕಣಿವೆ, ತ್ಸೆತ್ಸೆರ್ಲೆಗ್ ಮತ್ತು ತೆರ್ಖಿಯಿನ್ ತ್ಸಗಾನ್ ಸರೋವರ.

ಹಂತ 1: ಮೊದಲು ತಿಂಗಳನ್ನು ನಿರ್ಧರಿಸಿ

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಅವಧಿಯೊಂದೇ ಮೊದಲ ಸಲ ಹೋಗುವ ಗುಂಪಿಗೆ ಸೂಕ್ತ. ಏಪ್ರಿಲ್, ಮೇ ತಿಂಗಳುಗಳಲ್ಲಿ ಧೂಳಿನ ಬಿರುಗಾಳಿ ಏಳುತ್ತದೆ, ಹುಲ್ಲು ಇನ್ನೂ ಚಿಗುರಿರುವುದಿಲ್ಲ, ಚಳಿಗಾಲ ಕಳೆದ ಜಾನುವಾರುಗಳು ಬಡಕಲಾಗಿರುತ್ತವೆ. ಮರಿ ಹಾಕುವ ಕಾಲವಾದ್ದರಿಂದ ಕುಟುಂಬಗಳಿಗೆ ಅತಿಥಿಗಳತ್ತ ನೋಡುವ ಬಿಡುವೂ ಇರುವುದಿಲ್ಲ.

ಜುಲೈ ಮತ್ತು ಆಗಸ್ಟ್‌ನಲ್ಲಿ ಹಸಿರು ತುಂಬಿರುತ್ತದೆ, ಆದರೆ ವರ್ಷದ ಮಳೆಯ ಬಹುಪಾಲು ಬೀಳುವುದೂ ಆಗಲೇ. ಜುಲೈ 11ರಿಂದ 13ರವರೆಗೆ ನಾದಮ್ ಎಂಬ ಕ್ರೀಡಾ ಹಬ್ಬವಿರುವುದರಿಂದ ಆ ವಾರ ವಾಹನ, ಕೋಣೆ, ಚಾಲಕ ಎಲ್ಲವೂ ದುಬಾರಿ ಮತ್ತು ವಿರಳ. ಹಬ್ಬ ನೋಡಲೇಬೇಕೆಂದಿದ್ದರೆ ರಾಜಧಾನಿಯ ಕ್ರೀಡಾಂಗಣಕ್ಕಿಂತ ಯಾವುದಾದರೂ ಸಣ್ಣ ತಾಲ್ಲೂಕು ಕೇಂದ್ರದ ನಾದಮ್ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಕುಸ್ತಿಯನ್ನು ಹತ್ತು ಅಡಿ ದೂರದಿಂದ ನೋಡಬಹುದು. ಆಯ್ಕೆಯ ಸ್ವಾತಂತ್ರ್ಯ ಇರುವವರಿಗೆ ಆಗಸ್ಟ್ ಕೊನೆಯ ವಾರದಿಂದ ಸೆಪ್ಟೆಂಬರ್ ಎರಡನೆಯ ವಾರದವರೆಗಿನ ಕಾಲವನ್ನು ಸೂಚಿಸುತ್ತೇನೆ: ಮಳೆ ಇಳಿದಿರುತ್ತದೆ, ಸೊಳ್ಳೆ ನೊಣಗಳು ಕಡಿಮೆಯಾಗಿರುತ್ತವೆ, ಹಾಲಿನ ಕೆಲಸ ಇನ್ನೂ ನಡೆಯುತ್ತಿರುತ್ತದೆ.

ಹಂತ 2: ದಾರಿಯನ್ನು ಕಿಲೋಮೀಟರ್‌ನಲ್ಲಿ ಅಲ್ಲ, ಗಂಟೆಗಳಲ್ಲಿ ಅಳೆಯಿರಿ

ಇಡೀ ಯೋಜನೆಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಮಂಗೋಲಿಯಾದ ವಿಸ್ತೀರ್ಣ ಸುಮಾರು 15.6 ಲಕ್ಷ ಚದರ ಕಿಲೋಮೀಟರ್, ಎಂದರೆ ಕರ್ನಾಟಕದಂಥ ಎಂಟು ರಾಜ್ಯಗಳಷ್ಟು. ಜಿಲ್ಲಾ ಕೇಂದ್ರಗಳನ್ನು ರಾಜಧಾನಿಗೆ ಜೋಡಿಸುವ ಡಾಂಬರು ರಸ್ತೆಗಳು ಈಗ ಬಹುತೇಕ ಆಗಿವೆ. ಆದರೆ ಹುಲ್ಲುಗಾವಲಿನ ಜೀವನ ಇರುವುದು ಆ ರಸ್ತೆಗಳಿಂದ ಇಳಿದ ಮೇಲೆ. ಡಾಂಬರಿನ ಮೇಲೆ ಗಂಟೆಗೆ ಸರಾಸರಿ 60 ಕಿಲೋಮೀಟರ್, ಮಣ್ಣಿನ ಜಾಡಿನಲ್ಲಿ 25ರಿಂದ 30 ಎಂದು ಲೆಕ್ಕ ಹಾಕಿ. ಇದಕ್ಕಿಂತ ಹೆಚ್ಚಿನ ವೇಗವನ್ನು ಹಾಳೆಯ ಮೇಲೆ ಬರೆಯುವ ಯೋಜನೆ ದಾರಿಯಲ್ಲಿ ಕೈಕೊಡುತ್ತದೆ.

ಉಲಾನ್‌ಬಾತರ್‌ನಿಂದ ಖಾರ್ಖೊರಿನ್‌ಗೆ ಸುಮಾರು 370 ಕಿಲೋಮೀಟರ್ ಡಾಂಬರು ರಸ್ತೆ, ಆರೇಳು ಗಂಟೆ. ಖಾರ್ಖೊರಿನ್‌ನಿಂದ ಒರ್ಖೋನ್ ಜಲಪಾತಕ್ಕೆ ಸುಮಾರು 120 ಕಿಲೋಮೀಟರ್ ಮಾತ್ರ, ಆದರೆ ಅದರ ಬಹುಭಾಗ ಕಲ್ಲು, ಲಾವಾ ಬಂಡೆ ಮತ್ತು ಹಳ್ಳಗಳ ಜಾಡು. ನಾಲ್ಕರಿಂದ ಆರು ಗಂಟೆ, ಮಳೆ ಬಂದಿದ್ದರೆ ಇನ್ನೂ ಹೆಚ್ಚು. ಖಾರ್ಖೊರಿನ್‌ನಿಂದ ಅರ್ಖಾಂಗಾಯ್ ಜಿಲ್ಲಾ ಕೇಂದ್ರವಾದ ತ್ಸೆತ್ಸೆರ್ಲೆಗ್‌ಗೆ ಬಹುತೇಕ ಅಷ್ಟೇ ದೂರ. ಡಾಂಬರು ಇರುವುದರಿಂದ ಎರಡು ಗಂಟೆಯಲ್ಲಿ ತಲುಪಬಹುದು. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಿಲೋಮೀಟರ್ ಲೆಕ್ಕ ಏಕೆ ಮೋಸ ಮಾಡುತ್ತದೆಂದು ಯಾರಿಗಾದರೂ ತಿಳಿಯುತ್ತದೆ.

ದಿನಗಳನ್ನು ಹೀಗೆ ಹಂಚಿ. ಮೊದಲ ದಿನ ರಾಜಧಾನಿಯಲ್ಲಿ. ಎರಡನೆಯ ದಿನ ಸುಮಾರು 100 ಕಿಲೋಮೀಟರ್ ದೂರದ ಖುಸ್ತಾಯ್ ರಾಷ್ಟ್ರೀಯ ಉದ್ಯಾನ; 1992ರಿಂದ ಮರಳಿ ನೆಲೆಗೊಳಿಸಲಾದ ತಾಖಿ ಕಾಡುಕುದುರೆಗಳು ಸಂಜೆ ನೀರಿಗಾಗಿ ಇಳಿಯುವುದರಿಂದ ಅಲ್ಲಿ ರಾತ್ರಿ ತಂಗುವುದು ಅಗತ್ಯ. ಮೂರನೆಯ ದಿನ ಎಲ್ಸೆನ್ ತಸರ್ಖಾಯ್ ಮರಳುದಿಬ್ಬಗಳ ಮೂಲಕ ಖಾರ್ಖೊರಿನ್. ನಾಲ್ಕನೆಯ ದಿನ ಬೆಳಿಗ್ಗೆ ಎರ್ದೆನ್ ಜೂ ಮಠವನ್ನು ನೋಡಿ ಕಣಿವೆಗೆ ಹೊರಟು, ಐದು ಮತ್ತು ಆರನೆಯ ದಿನಗಳನ್ನು ಒಂದೇ ಕುಟುಂಬದ ಬಳಿ ಕಳೆಯಿರಿ. ಏಳನೆಯ ದಿನ ಬಂದ ದಾರಿಯಲ್ಲೇ ಖಾರ್ಖೊರಿನ್‌ಗೆ ಮರಳಿ ತ್ಸೆತ್ಸೆರ್ಲೆಗ್. ನಕ್ಷೆಯಲ್ಲಿ ಬೆಟ್ಟ ದಾಟುವ ಒಳದಾರಿ ಹತ್ತಿರವೆಂದು ಕಾಣುತ್ತದೆ, ಅದರ ಆಸೆಗೆ ಬೀಳಬೇಡಿ. ಜವುಗು ನೆಲದಲ್ಲಿ ಅರ್ಧ ದಿನ ಸಿಕ್ಕಿಕೊಂಡವರು ಅನೇಕರು. ಎಂಟು ಮತ್ತು ಒಂಬತ್ತನೆಯ ದಿನ ತ್ಸಗಾನ್ ಸರೋವರ ಮತ್ತು ಅದರ ಬದಿಯ ಖೊರ್ಗೊ ಜ್ವಾಲಾಮುಖಿ. ಹತ್ತನೆಯ ದಿನ ಒಗಿ ಸರೋವರದ ಬಳಿ ತಂಗಿ, ಹನ್ನೊಂದನೆಯ ದಿನ ರಾಜಧಾನಿ. ಹನ್ನೆರಡನೆಯ ದಿನವನ್ನು ಖಾಲಿ ಬಿಡಿ.

ಅಪಾಯದ ಸೂಚನೆಗಳು ಮೂರು. ಸತತ ಎರಡು ದಿನ ಏಳು ಗಂಟೆ ಮೀರಿದ ಪ್ರಯಾಣವಿದ್ದರೆ, ಒಂದೇ ಜಾಗದಲ್ಲಿ ಎರಡು ರಾತ್ರಿ ಉಳಿಯುವ ವ್ಯವಸ್ಥೆ ಎಲ್ಲಿಯೂ ಇಲ್ಲದಿದ್ದರೆ, ಅಥವಾ ವಿಮಾನದ ಹಿಂದಿನ ದಿನವೂ ಹಳ್ಳಿಯಲ್ಲಿ ತಂಗುವುದಾದರೆ, ಯೋಜನೆಯಿಂದ ಒಂದು ಸ್ಥಳವನ್ನು ತೆಗೆದುಹಾಕಲೇಬೇಕು.

ಹಂತ 3: ಗುಂಪನ್ನು ಕಟ್ಟುವುದು

ಒಂದು ವಾಹನಕ್ಕೆ ನಾಲ್ಕರಿಂದ ಐದು ಮಂದಿ, ಎರಡು ವಾಹನಗಳಿಗೆ ಎಂಟರಿಂದ ಹತ್ತು ಮಂದಿ ಸರಿಯಾದ ಸಂಖ್ಯೆ. ಏಳು ಮಂದಿಯ ಗುಂಪು ಎಲ್ಲಕ್ಕಿಂತ ಕಷ್ಟ. ಒಂದರಲ್ಲಿ ತುರುಕಿದರೆ ಮಂಡಿ ಮಡಚಲು ಜಾಗವಿರುವುದಿಲ್ಲ, ಎರಡು ಮಾಡಿದರೆ ಖರ್ಚು ಏರುತ್ತದೆ. ಎರಡು ವಾಹನಗಳಿದ್ದರೆ ಕೆಸರಿನಲ್ಲಿ ಹೂತದ್ದನ್ನು ಇನ್ನೊಂದು ಎಳೆಯಬಲ್ಲದು ಎಂಬ ಅನುಕೂಲವನ್ನೂ ಮರೆಯಬಾರದು.

ಹೊರಡುವ ಮೊದಲೇ ಮೂರು ಮಾತುಗಳನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳಿ: ಇಂಧನ, ಊಟ, ಪ್ರವೇಶ ಶುಲ್ಕಗಳಿಗೆ ಒಂದು ಸಾಮಾನ್ಯ ನಿಧಿ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬ ವ್ಯಕ್ತಿ, ಹವಾಮಾನ ಕೆಟ್ಟಾಗ ಚಾಲಕನ ಮಾತೇ ಅಂತಿಮ ಎಂಬ ಒಪ್ಪಂದ, ಕಿಟಕಿ ಬದಿಯ ಆಸನಗಳನ್ನು ದಿನಕ್ಕೊಮ್ಮೆ ಬದಲಿಸುವ ನಿಯಮ. ಕೊನೆಯದು ಕ್ಷುಲ್ಲಕವಾಗಿ ಕಾಣಬಹುದು, ಆದರೆ ಸ್ನೇಹಗಳು ಮುರಿಯುವುದು ಇಂಥದ್ದರಲ್ಲೇ.

ಹಂತ 4: ವೀಸಾ, ವಿಮೆ, ಔಷಧ

ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ವೀಸಾ ಬೇಕು. ಮಂಗೋಲಿಯಾ ಸರ್ಕಾರದ ಇ-ವೀಸಾ ತಾಣದಲ್ಲಿ ಅರ್ಜಿ ಹಾಕಬಹುದು, ನಿಯಮಗಳು ಬದಲಾಗಿವೆಯೇ ಎಂದು ದೆಹಲಿಯ ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ನಡುವೆ ವಿಮಾನ ಬದಲಿಸುವ ದೇಶದ ಸಾಗಣೆ ನಿಯಮಗಳನ್ನು ಟಿಕೆಟ್ ಕೊಳ್ಳುವ ಮೊದಲು ಓದಬೇಕು, ಕೊಂಡ ಮೇಲಲ್ಲ.

ವಿಮೆಯಲ್ಲಿ ಎರಡು ಮಾತು ಸ್ಪಷ್ಟವಾಗಿರಲಿ: ಕುದುರೆ ಸವಾರಿಯ ಗಾಯಗಳಿಗೆ ರಕ್ಷಣೆ, ಮತ್ತು ತುರ್ತು ಸಾಗಣೆಯ ವೆಚ್ಚ. ಗಂಭೀರ ಚಿಕಿತ್ಸೆ ಸಿಗುವುದು ಉಲಾನ್‌ಬಾತರ್‌ನಲ್ಲಿ. ಕೆಲವೊಮ್ಮೆ ಅಲ್ಲಿಂದಲೂ ಬೇರೆ ದೇಶಕ್ಕೆ ಕರೆದೊಯ್ಯಬೇಕಾಗುತ್ತದೆ. ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ, ಏಕೆಂದರೆ ಪ್ರತಿ ಗೆರ್‌ನ ಮುಂದೆಯೂ ಕಾವಲು ನಾಯಿ ಇರುತ್ತದೆ. ಮಾರ್ಮಟ್ ಎಂಬ ಬಿಲವಾಸಿ ಪ್ರಾಣಿಯ ಮೂಲಕ ಪ್ಲೇಗ್ ಹರಡುವುದುಂಟು; ಅದರ ಮಾಂಸವನ್ನು ತಿನ್ನಬಾರದು, ಸತ್ತದ್ದನ್ನು ಮುಟ್ಟಬಾರದು. ಪ್ಲೇಗ್ ಕಂಡ ಪ್ರದೇಶವನ್ನು ಸರ್ಕಾರ ಮುಚ್ಚಿಬಿಡುತ್ತದೆ ಎಂಬುದು ಹನ್ನೆರಡನೆಯ ದಿನವನ್ನು ಖಾಲಿ ಬಿಡಲು ಇನ್ನೊಂದು ಕಾರಣ.

ಹಂತ 5: ವಾಹನ, ಚಾಲಕ ಮತ್ತು ದುಭಾಷಿ

ಸ್ವತಃ ವಾಹನ ಓಡಿಸುವ ಆಲೋಚನೆಯನ್ನು ಮೊದಲ ಪ್ರವಾಸದಲ್ಲಿ ಬಿಟ್ಟುಬಿಡಿ. ಕಣಿವೆಯ ನೆಲದಲ್ಲಿ ಒಂದೇ ದಿಕ್ಕಿಗೆ ಹತ್ತು ಜಾಡುಗಳು ಸಮಾನಾಂತರವಾಗಿ ಸಾಗುತ್ತವೆ. ಯಾವುದು ನಿನ್ನೆಯ ಮಳೆಗೆ ಕೆಸರಾಗಿದೆ, ಯಾವುದು ಯಾರದೋ ಚಳಿಗಾಲದ ಬಿಡಾರಕ್ಕೆ ಹೋಗಿ ನಿಂತುಬಿಡುತ್ತದೆ ಎಂಬುದನ್ನು ಚಾಲಕನಷ್ಟೇ ಬಲ್ಲ.

ಫುರ್ಗೋನ್ ಎಂದು ಕರೆಯುವ ಬೂದುಬಣ್ಣದ ರಷ್ಯನ್ ವ್ಯಾನು ಎಲ್ಲೆಡೆ ಏರುತ್ತದೆ, ಕೆಟ್ಟರೆ ದಾರಿಯಲ್ಲೇ ರಿಪೇರಿಯಾಗುತ್ತದೆ. ಆದರೆ ಹಿಂದಿನ ಆಸನಗಳಿಗೆ ಸೀಟ್ ಬೆಲ್ಟ್ ಇರುವುದು ಅಪರೂಪ, ಹವಾನಿಯಂತ್ರಣ ಇಲ್ಲ. ಹಿರಿಯರಿರುವ ಗುಂಪಿಗೆ ಲ್ಯಾಂಡ್ ಕ್ರೂಸರ್ ಅಥವಾ ಡೆಲಿಕಾ ಉತ್ತಮ. ಒಪ್ಪಂದದಲ್ಲಿ ದಿನದ ಬಾಡಿಗೆ, ಇಂಧನ ಯಾರದು, ಚಾಲಕನ ಊಟ ವಸತಿ ಯಾರದು, ವಾಹನ ಕೆಟ್ಟರೆ ಬದಲಿ ವಾಹನ ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂಬುದೆಲ್ಲ ಬರೆದಿರಬೇಕು. ಹೊರಡುವ ಹಿಂದಿನ ದಿನ ನೀವೇ ಹೋಗಿ ನೋಡಬೇಕಾದವು: ಎರಡು ಹೆಚ್ಚುವರಿ ಚಕ್ರಗಳು, ಎಳೆಯುವ ಹಗ್ಗ, ಸಲಿಕೆ, ಜ್ಯಾಕ್ ಮತ್ತು ಅದರಡಿ ಇಡಲು ಹಲಗೆ, ಗಾಳಿ ತುಂಬುವ ಯಂತ್ರ, 20 ಲೀಟರ್‌ನ ಇಂಧನದ ಡಬ್ಬಿ, ಟೈರಿನ ಸವೆತ. ನೋಡಲು ಬಿಡದ ಮಾಲೀಕನಿಗೆ ಮುಂಗಡ ಕೊಡಬೇಡಿ.

ದುಭಾಷಿಯ ಖರ್ಚನ್ನು ಉಳಿಸಲು ಹೋಗುವುದು ಎರಡನೆಯ ದೊಡ್ಡ ತಪ್ಪು. ಹಳ್ಳಿಗಳಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ಇಂಟರ್ನೆಟ್ ಇಲ್ಲದೆಡೆ ಅನುವಾದದ ಆ್ಯಪ್ ಕೂಡ ಸುಮ್ಮನಾಗುತ್ತದೆ. ಮನೆಯವರೊಡನೆ ಮಾತೇ ಆಡದೆ ಗೆರ್‌ನಲ್ಲಿ ಎರಡು ದಿನ ಕುಳಿತುಬರುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ಹಂತ 6: ಊಟದ ಸಿದ್ಧತೆ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಹುಲ್ಲುಗಾವಲಿನ ಅಡುಗೆ ಎಂದರೆ ಕುರಿಮಾಂಸ, ಹಿಟ್ಟು ಮತ್ತು ಹಾಲು. ಬೇಸಿಗೆಯಲ್ಲಿ ಹಾಲಿನ ಪದಾರ್ಥಗಳು ಹೇರಳ: ಉಪ್ಪು ಹಾಕಿದ ಹಾಲಿನ ಚಹಾ ಸೂತೇ ತ್ಸಾಯ್, ಕೆನೆಗಟ್ಟಿದ ಊರಮ್, ಮೊಸರಿನಂಥ ತರಗ್, ಒಣಗಿಸಿದ ಗಟ್ಟಿ ಮೊಸರು ಆರೂಲ್. ಹಾಗಾಗಿ ಹಾಲು ಮೊಸರು ತಿನ್ನುವ ಸಸ್ಯಾಹಾರಿ ಉಪವಾಸ ಬೀಳುವುದಿಲ್ಲ, ಆದರೆ ಹನ್ನೊಂದು ದಿನ ಅದರ ಮೇಲೆಯೇ ಕಳೆಯುವುದು ಕಷ್ಟ.

‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಮಾಂಸದ ತುಂಡುಗಳನ್ನು ಆರಿಸಿ ತೆಗೆದ, ಅದೇ ಕೊಬ್ಬಿನಲ್ಲಿ ಹುರಿದ ತ್ಸುಯ್ವನ್ ನೂಡಲ್ಸ್ ತಟ್ಟೆಗೆ ಬರುತ್ತದೆ. ‘ಬಿ ಮಹ್ ಇದ್ದೆಗ್ಗುಯ್’ ಎಂಬ ವಾಕ್ಯವನ್ನು ಕಲಿತಿರಿ, ಜೊತೆಗೆ ಕೊಬ್ಬು, ಮಾಂಸದ ಸಾರು ಕೂಡ ಬೇಡವೆಂದು ದುಭಾಷಿಯ ಮೂಲಕ ಅಡುಗೆ ಆರಂಭವಾಗುವ ಮೊದಲೇ ತಿಳಿಸಿ. ಅಡುಗೆ ಆದ ಮೇಲೆ ನಿರಾಕರಿಸುವುದು ಮನೆಯೊಡತಿಗೆ ಅವಮಾನ.

ಸುರಕ್ಷಿತ ದಾರಿ ಎಂದರೆ ದಿನಕ್ಕೊಂದು ಹೊತ್ತು ಗುಂಪೇ ಅಡುಗೆ ಮಾಡಿಕೊಳ್ಳುವುದು. ಊರಿನಿಂದ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನಪುಡಿ, ಹುರಿದ ರವೆಯನ್ನು ಮುಚ್ಚಿದ ಪೊಟ್ಟಣಗಳಲ್ಲಿ ಒಯ್ಯಿರಿ; ಅಕ್ಕಿ, ಬೇಳೆ, ಆಲೂಗಡ್ಡೆ, ಈರುಳ್ಳಿ, ಎಲೆಕೋಸು, ಕ್ಯಾರೆಟ್ ಉಲಾನ್‌ಬಾತರ್‌ನಲ್ಲಿ ಸಿಗುತ್ತವೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಒಲೆ ಮತ್ತು ಡಬ್ಬಿ ಎರಡನ್ನೂ ಅಲ್ಲಿಯೇ ಕೊಳ್ಳಿ. ಸಣ್ಣ ಪ್ರೆಶರ್ ಕುಕ್ಕರ್ ಒಯ್ಯುವುದು ಅತಿಯೆನಿಸಬಹುದು. ತ್ಸಗಾನ್ ಸರೋವರ ಇರುವುದು 2,000 ಮೀಟರ್‌ಗೂ ಎತ್ತರದಲ್ಲಿ, ಅಲ್ಲಿನ ಗಾಳಿಯಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಕಾದವರಿಗೆ ಅದರ ಬೆಲೆ ತಿಳಿಯುತ್ತದೆ.

ಹೆಣ್ಣುಕುದುರೆಯ ಹಾಲನ್ನು ಹುದುಗಿಸಿದ ಐರಗ್ ಬೇಸಿಗೆಯ ಮುಖ್ಯ ಪಾನೀಯ. ಹುಳಿಯಾಗಿ, ತುಸು ಮದ್ಯಾಂಶದೊಂದಿಗೆ ಇರುತ್ತದೆ. ಮೊದಲ ದಿನ ಎರಡು ಗುಟುಕಿಗೆ ನಿಲ್ಲಿಸಿ. ಬಟ್ಟಲು ತುಂಬ ಕುಡಿದ ಹೊಸಬರ ಹೊಟ್ಟೆ ರಾತ್ರಿಯೊಳಗೆ ಕೆಡುತ್ತದೆ. ಕುದಿಸದ ಹಾಲಿನ ಪದಾರ್ಥಗಳಿಂದ ಬ್ರುಸೆಲ್ಲೋಸಿಸ್ ಎಂಬ ಜ್ವರದ ಸೋಂಕು ತಗಲುವ ಸಾಧ್ಯತೆ ಇರುವುದರಿಂದ ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಕುದಿಸಿದ ಚಹಾಕ್ಕೆ ಸೀಮಿತರಾಗಿರಬೇಕು.

ಹಂತ 7: ಉಲಾನ್‌ಬಾತರ್‌ನಲ್ಲಿ ಒಂದು ಪೂರ್ಣ ದಿನ

ಚಿಂಗಿಸ್ ಖಾನ್ ವಿಮಾನ ನಿಲ್ದಾಣ ನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ, ನಗರದೊಳಗಿನ ವಾಹನ ದಟ್ಟಣೆ ಬೆಂಗಳೂರಿನವರಿಗೂ ತಾಳ್ಮೆ ಕಲಿಸುವಂಥದ್ದು. ಇಳಿದ ದಿನವೇ ಹಳ್ಳಿಗೆ ಹೊರಡುವ ಯೋಜನೆ ಬೇಡ.

ಆ ದಿನದ ಕೆಲಸಗಳನ್ನು ಈ ಕ್ರಮದಲ್ಲಿ ಮುಗಿಸಿ. ಮೊದಲು ಸಿಮ್ ಕಾರ್ಡ್; ಮೊಬಿಕಾಮ್ ಮತ್ತು ಯುನಿಟೆಲ್ ಎರಡರದ್ದೂ ಒಂದೊಂದು ಗುಂಪಿನಲ್ಲಿದ್ದರೆ ಒಂದಿಲ್ಲದ ಕಡೆ ಇನ್ನೊಂದು ಸಿಗಬಹುದು. ನಂತರ ತುಗ್ರಿಕ್ ನಗದು, ಸಣ್ಣ ನೋಟುಗಳಲ್ಲಿ. ಎಟಿಎಂ ಜಿಲ್ಲಾ ಕೇಂದ್ರಗಳಲ್ಲಿ ಇರುತ್ತದೆ, ಕುರಿಗಾಹಿಯ ಬಳಿ ಕಾರ್ಡ್ ನಡೆಯುವುದಿಲ್ಲ. ಬಳಿಕ ಅಡುಗೆ ಸಾಮಾನು ಮತ್ತು ಕುಡಿಯುವ ನೀರು, ಅಡುಗೆಯೂ ಸೇರಿ ತಲಾ ದಿನಕ್ಕೆ ಐದು ಲೀಟರ್‌ನಂತೆ ಎರಡು ದಿನಕ್ಕೆ. ಮುಂದೆ ದಾರಿಯ ಊರುಗಳಲ್ಲಿ ತುಂಬಿಸಿಕೊಳ್ಳಬಹುದು. ಕೊನೆಗೆ ಆಫ್‌ಲೈನ್ ನಕ್ಷೆ, ಮತ್ತು ತುರ್ತು ಸಂಖ್ಯೆಗಳಾದ 102 (ಪೊಲೀಸ್), 103 (ಆಂಬುಲೆನ್ಸ್), 105 (ವಿಪತ್ತು ನಿರ್ವಹಣೆ) ಎಲ್ಲರ ಫೋನಿನಲ್ಲೂ ಇರಲಿ.

ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ಜುಲೈ ತಿಂಗಳಲ್ಲೂ ರಾತ್ರಿ ಉಷ್ಣತೆ ಒಂದಂಕಿಗೆ ಇಳಿಯುತ್ತದೆ, ಸೆಪ್ಟೆಂಬರ್‌ನಲ್ಲಿ ಸೊನ್ನೆಗಿಂತ ಕೆಳಗೆ. ಉಣ್ಣೆಯ ಒಳಉಡುಪು, ಗಾಳಿ ತಡೆಯುವ ಜಾಕೆಟ್, ಸೊನ್ನೆಗಿಂತ ಐದು ಡಿಗ್ರಿ ಕೆಳಗಿನವರೆಗೆ ಬೆಚ್ಚಗಿಡುವ ಮಲಗುಚೀಲ, ತಲೆಗೆ ಕಟ್ಟುವ ಟಾರ್ಚ್ ಇಲ್ಲದವರನ್ನು ವಾಹನ ಹತ್ತಿಸಬೇಡಿ.

ಹಂತ 8: ದಾರಿಯ ಮೇಲೆ

ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಐದರೊಳಗೆ ತಲುಪುವುದು ನಿಯಮವಾಗಿರಲಿ. ಬೇಸಿಗೆಯಲ್ಲಿ ರಾತ್ರಿ ಎಂಟೂವರೆಯವರೆಗೂ ಬೆಳಕಿರುವುದು ಕಂಡು ‘ಇನ್ನೂ ಹೊತ್ತಿದೆ’ ಎಂದು ಎಳೆಯುತ್ತಾ ಹೋಗುವುದುಂಟು. ಕತ್ತಲಾದ ಮೇಲೆ ಜಾಡು ಕಾಣುವುದಿಲ್ಲ, ಡಾಂಬರು ರಸ್ತೆಯ ಮೇಲೂ ಕುದುರೆ ದನಗಳು ನಿಂತಿರುತ್ತವೆ. ಪ್ರತಿ ಊರಿನಲ್ಲೂ, ಟ್ಯಾಂಕು ಅರ್ಧ ಇದ್ದರೂ, ಇಂಧನ ತುಂಬಿಸಿ.

ಹೊಳೆ ದಾಟುವುದು ಈ ಮಾರ್ಗದ ಅತ್ಯಂತ ಅಪಾಯದ ಕೆಲಸ. ಖಾಂಗಾಯ್ ಬೆಟ್ಟಗಳಲ್ಲಿ ಬಿದ್ದ ಮಳೆಯ ನೀರು ಕೆಳಗೆ ಆಕಾಶ ತಿಳಿಯಾಗಿರುವಾಗಲೂ ಉಕ್ಕಿ ಬರುತ್ತದೆ. ನೀರಿನ ಬಣ್ಣ ಕಂದಾಗಿದ್ದರೆ, ಕಡ್ಡಿಗಳು ತೇಲಿ ಬರುತ್ತಿದ್ದರೆ, ಆಚೆ ದಡದಲ್ಲಿ ತಾಜಾ ಟೈರಿನ ಗುರುತು ಇಲ್ಲದಿದ್ದರೆ ನಿಲ್ಲಬೇಕು. ಚಾಲಕ ಮೊದಲು ನಡೆದು ಆಳ ನೋಡುತ್ತಾನೆ. ಅವನು ಕಾಯೋಣ ಎಂದರೆ ಚಹಾ ಕಾಯಿಸಿ ಕುಳಿತುಕೊಳ್ಳಿ, ವಿಮಾನದ ಸಮಯವನ್ನು ನೆನಪಿಸಬೇಡಿ. ‘ಎಷ್ಟು ಗಂಟೆಗೆ ತಲುಪುತ್ತೇವೆ’ ಎಂದು ದಾರಿಯಲ್ಲಿ ಪದೇಪದೇ ಕೇಳುವುದನ್ನು ಅಲ್ಲಿನ ಅನೇಕ ಚಾಲಕರು ಅಪಶಕುನವೆಂದೇ ಭಾವಿಸುತ್ತಾರೆ.

ಬೆಟ್ಟ ದಾಟುವ ಕಡೆಗಳಲ್ಲಿ ಕಲ್ಲು ಪೇರಿಸಿ ನೀಲಿ ಬಟ್ಟೆ ಕಟ್ಟಿದ ಓವೂ ಕಾಣಸಿಗುತ್ತದೆ. ಪ್ರದಕ್ಷಿಣಾಕಾರವಾಗಿ ಮೂರು ಸುತ್ತು ಬಂದು ಒಂದು ಕಲ್ಲು ಸೇರಿಸುವುದು ವಾಡಿಕೆ. ಅದರಿಂದ ಏನನ್ನೂ ತೆಗೆಯಬಾರದು, ಅದರ ಬಳಿ ಮೂತ್ರ ವಿಸರ್ಜಿಸಬಾರದು. ಹೊಳೆಯಲ್ಲಿ ಪಾತ್ರೆ, ಬಟ್ಟೆ ತೊಳೆಯುವುದೂ ನಿಷಿದ್ಧವೇ. ನೀರನ್ನು ಮೊಗೆದು ದಡದಿಂದ ಐವತ್ತು ಹೆಜ್ಜೆ ದೂರ ಒಯ್ದು ಬಳಸಿ, ಏಕೆಂದರೆ ಕೆಳಗಿನ ಬಿಡಾರದವರು ಕುಡಿಯುವುದು ಅದನ್ನೇ.

ಹಂತ 9: ಗೆರ್‌ನೊಳಗೆ

ಗೆರ್‌ಗೆ ಹತ್ತಿರವಾದಾಗ ದೂರದಲ್ಲೇ ನಿಂತು ‘ನೊಹೊಯ್ ಹೋರ್’, ನಾಯಿ ಹಿಡಿಯಿರಿ ಎಂದು ಕೂಗಬೇಕು. ಬಾಗಿಲು ತಟ್ಟುವ ಪದ್ಧತಿ ಇಲ್ಲ. ನಾಯಿಯನ್ನು ಯಾರಾದರೂ ಕಟ್ಟುವವರೆಗೆ ವಾಹನದಿಂದ ಇಳಿಯಬೇಡಿ. ರಾತ್ರಿ ಶೌಚಕ್ಕೆ ಹೋಗುವಾಗಲೂ ಒಬ್ಬರೇ ಹೋಗದೆ ಟಾರ್ಚ್ ಹಿಡಿದು ಇಬ್ಬರು ಹೋಗಿ.

ಬಾಗಿಲು ದಕ್ಷಿಣಕ್ಕಿರುತ್ತದೆ. ಹೊಸ್ತಿಲನ್ನು ತುಳಿಯದೆ, ಬಲಗಾಲಿಟ್ಟು ಒಳಗೆ ಹೋಗಿ. ನಮ್ಮ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ. ಒಳಗೆ ಹೋದವರು ಎಡಕ್ಕೆ, ಎಂದರೆ ಪಶ್ಚಿಮದ ಬದಿಗೆ ತಿರುಗಿ ಕುಳಿತುಕೊಳ್ಳಬೇಕು. ಪೂರ್ವದ ಬದಿ ಮನೆಯೊಡತಿಯ ಅಡುಗೆಯ ಜಾಗ. ಬಾಗಿಲಿಗೆ ಎದುರಾದ ಉತ್ತರದ ಭಾಗ ಖೊಯ್ಮೊರ್, ದೇವರ ಪೀಠ ಮತ್ತು ಹಿರಿಯರ ಸ್ಥಾನ. ಕರೆಯದೆ ಅಲ್ಲಿಗೆ ಹೋಗಬಾರದು. ನಡುವಿನ ಎರಡು ಕಂಬಗಳಿಗೆ ಒರಗುವುದು, ಅವುಗಳ ನಡುವೆ ಹಾಯುವುದು, ಒಲೆಯತ್ತ ಕಾಲು ಚಾಚುವುದು, ಒಲೆಗೆ ಕಸ ಹಾಕುವುದು, ಒಳಗೆ ಸಿಳ್ಳೆ ಹೊಡೆಯುವುದು ಇವೆಲ್ಲ ತಪ್ಪು. ಆಕಸ್ಮಿಕವಾಗಿ ಯಾರದಾದರೂ ಕಾಲಿಗೆ ನಿಮ್ಮ ಕಾಲು ತಗುಲಿದರೆ ಕೂಡಲೇ ಅವರ ಕೈ ಕುಲುಕಿ.

ಏನನ್ನೇ ಕೊಟ್ಟರೂ ಮಡಚಿದ ಅಂಗಿಯ ತೋಳನ್ನು ಇಳಿಸಿ, ಬಲಗೈಯಿಂದ, ಎಡಗೈಯನ್ನು ಬಲ ಮೊಣಕೈಗೆ ಆನಿಸಿ ತೆಗೆದುಕೊಳ್ಳಿ. ಕುಡಿಯಲಾಗದ್ದು ಬಂದರೆ ಬಟ್ಟಲನ್ನು ತುಟಿಗೆ ತಾಗಿಸಿ ಮರಳಿಸಬಹುದು. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಕೈ ಅಡ್ಡ ಹಿಡಿಯುವುದನ್ನು ಮಾತ್ರ ತಿಳಿಯುತ್ತಾರೆ. ವೋಡ್ಕಾ ಬಂದರೆ ಉಂಗುರ ಬೆರಳನ್ನು ಅದ್ದಿ ಆಕಾಶಕ್ಕೆ, ಗಾಳಿಗೆ, ನೆಲಕ್ಕೆ ಚಿಮುಕಿಸಿ ಮರಳಿಸಬಹುದು.

ಉಡುಗೊರೆಯಾಗಿ ಹಿಟ್ಟು, ಅಕ್ಕಿ, ಚಹಾ, ಹಣ್ಣು, ತರಕಾರಿ, ಮಕ್ಕಳ ಶಾಲಾ ಸಾಮಗ್ರಿ ಒಯ್ಯಿರಿ. ಮಕ್ಕಳಿಗೆ ಹಣ ಹಂಚುವ ಗುಂಪುಗಳು ಮುಂದೆ ಬರುವವರ ದಾರಿಯನ್ನು ಕೆಡಿಸುತ್ತವೆ. ತಂಗುವಿಕೆಯ ಹಣವನ್ನು ದುಭಾಷಿಯ ಮೂಲಕ ಮೊದಲ ಸಂಜೆಯೇ ನಿಗದಿಪಡಿಸಿ, ಹೊರಡುವಾಗ ಮನೆಯೊಡತಿಯ ಕೈಗೆ ಕೊಡಿ. ಉಳಿದ ಎರಡು ದಿನ ಕ್ಯಾಮೆರಾವನ್ನು ಚೀಲದಲ್ಲಿಟ್ಟು ಹಾಲು ಕರೆಯಲು, ಸೆಗಣಿ ಆರಿಸಲು, ಮರಿಗಳನ್ನು ಕೂಡಿಹಾಕಲು ಕೈಜೋಡಿಸಿ. ಎರಡು ರಾತ್ರಿ ಉಳಿಯಬೇಕೆಂದು ಹಂತ 2ರಲ್ಲಿ ಒತ್ತಾಯಿಸಿದ್ದು ಇದಕ್ಕಾಗಿಯೇ, ಏಕೆಂದರೆ ಮೊದಲ ದಿನ ನೀವು ಅತಿಥಿಗಳಾಗಿರುತ್ತೀರಿ, ಕೆಲಸಕ್ಕೆ ಸೇರಿಸಿಕೊಳ್ಳುವುದು ಎರಡನೆಯ ದಿನ.

ಹಂತ 10: ಕುದುರೆ ಸವಾರಿ

ಮಂಗೋಲಿಯಾದ ಕುದುರೆ ಗಿಡ್ಡ, ಆದರೆ ಅರೆಪಳಗಿದ ಪ್ರಾಣಿ. ಎಡಬದಿಯಿಂದಲೇ ಹತ್ತಬೇಕು, ಹಿಂದಿನಿಂದ ಹೋಗಬಾರದು. ಸವಾರಿಯಲ್ಲಿ ಜಾಕೆಟ್ ಬಿಚ್ಚುವುದು, ಪ್ಲಾಸ್ಟಿಕ್ ಚೀಲ ತೆರೆಯುವುದು, ಕೊರಳಿನ ಕ್ಯಾಮೆರಾ ತೂಗಾಡುವುದು ಬಹುತೇಕ ಬೀಳುವಿಕೆಗಳಿಗೆ ಕಾರಣ. ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ, ಬಿದ್ದರೆ ಎಳೆದೊಯ್ಯುತ್ತದೆ. ಹೆಲ್ಮೆಟ್ ಅಲ್ಲಿ ಸಿಗುವುದು ಖಚಿತವಿಲ್ಲದ್ದರಿಂದ ಒಯ್ಯುವುದೇ ಸರಿ. ಮೊದಲ ದಿನ ಎರಡು ಗಂಟೆ ಸಾಕು. ಕುದುರೆಯ ಕಿವಿಗಳು ಹಿಂದಕ್ಕೆ ಮಡಚಿದರೆ ಆಗಲೇ ಇಳಿದು ಬೇರೆ ಕುದುರೆ ಕೇಳಿ.

ಹಂತ 11: ಮರಳುವಾಗ

ನೆಲದಲ್ಲಿ ಸಿಕ್ಕ ಮೂಳೆ, ಪಳೆಯುಳಿಕೆ, ಹಳೆಯ ಲೋಹದ ತುಂಡುಗಳನ್ನು ಚೀಲಕ್ಕೆ ಹಾಕಬೇಡಿ. ಪಳೆಯುಳಿಕೆ ಮತ್ತು ಪುರಾತನ ವಸ್ತುಗಳನ್ನು ದೇಶದಿಂದ ಒಯ್ಯುವುದು ಅಪರಾಧ. ಅಂಗಡಿಯಲ್ಲಿ ಹಳೆಯದಾಗಿ ಕಾಣುವ ವಸ್ತು ಕೊಂಡರೆ ರಸೀದಿ ಮತ್ತು ಪ್ರಮಾಣಪತ್ರ ಕೇಳಿ ಪಡೆಯಿರಿ. ಸಾಮಾನ್ಯ ನಿಧಿಯ ಲೆಕ್ಕವನ್ನು ಉಲಾನ್‌ಬಾತರ್‌ನಲ್ಲಿ, ಎಲ್ಲರೂ ಒಟ್ಟಿಗಿರುವಾಗಲೇ ಮುಗಿಸಿ.

ಊರಿಗೆ ಬಂದ ಮೇಲೆ ಕೆಲವು ವಾರಗಳಲ್ಲೋ, ತಿಂಗಳುಗಳಲ್ಲೋ ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಕಂಡರೆ ಮಂಗೋಲಿಯಾದಲ್ಲಿ ಹಸಿ ಹಾಲಿನ ಪದಾರ್ಥ ತಿಂದದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ ಬ್ರುಸೆಲ್ಲಾ ಪರೀಕ್ಷೆ ಕೇಳಿ. ಉಣ್ಣಿಹುಳು ಕಚ್ಚಿದ ಗುರುತು ಅಥವಾ ನಾಯಿ ಪರಚಿದ ಗಾಯವಿದ್ದರೆ, ಅದು ಮಾಯ್ದಿದ್ದರೂ, ಅದನ್ನೂ ತೋರಿಸಿ.